ಊರ ಕೊಕ್ಕೆ, ಮನೆಯ ಕೊಕ್ಕೆ

ಕೆಂಗೇರಿ ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಕಂಪ್ಯೂಟರಿಗೆ ಅದು ಏಳು ಸಂಕೇತಗಳ ಸಾಲು: ಕ, ಎತ್ವ, ಅನುಸ್ವಾರ, ಗ, ಏತ್ವ, ರ, ಗುಡಿಸು. ಯುಟಿಎಫ್-8 ಲೆಕ್ಕದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಆದರೆ ಅದೇ ಕೆಂಗೇರಿಯನ್ನು 24 ಬೈಟ್‌ಗಳಲ್ಲೂ ಬರೆಯಬಹುದು. ಶಾಲೆಯಲ್ಲಿ ನಾವು ಕಾಗುಣಿತ ಒಪ್ಪಿಸುವಾಗ ‘ಗೇ’ಯನ್ನು ಎತ್ವ ಮತ್ತು ದೀರ್ಘ ಎಂದು ಬಿಡಿಸಿ ಹೇಳುತ್ತಿದ್ದೆವಲ್ಲ, ಯುನಿಕೋಡ್ ಕೂಡ ಹಾಗೆ ಬಿಡಿಸಿ ಬರೆಯಲು ಅವಕಾಶ ಕೊಟ್ಟಿದೆ. ಒಂದೇ ಸಂಕೇತವಾಗಿ ಬರೆದ ಏತ್ವವೂ, ಎತ್ವದ ಪಕ್ಕದಲ್ಲಿ ದೀರ್ಘ ಚಿಹ್ನೆ ಇಟ್ಟು ಬರೆದ ಏತ್ವವೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಬೈಟ್ ಲೆಕ್ಕದಲ್ಲಿ ಹೋಲಿಸುವ ತಂತ್ರಾಂಶದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

ಸೊನ್ನೆಯ ಕಥೆ ಇನ್ನೂ ಕೆಟ್ಟದ್ದು. ಅನುಸ್ವಾರವನ್ನು ನಾವು ಆಡುಮಾತಿನಲ್ಲಿ ಸೊನ್ನೆ ಎನ್ನುತ್ತೇವೆ. ಕನ್ನಡ ಅಂಕಿಯ ಸೊನ್ನೆಯೂ ನೋಡಲು ಅದೇ ದುಂಡು. ಯುನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಮನೆ. ‘ಕೆಂಗೇರಿ’ ಮತ್ತು ‘ಕೆ೦ಗೇರಿ’ ಎರಡನ್ನೂ ಇಲ್ಲೇ ಅಕ್ಕಪಕ್ಕ ಬರೆದಿದ್ದೇನೆ, ಎರಡನೆಯದರಲ್ಲಿರುವುದು ಅಂಕಿ. ಹಳೆಯ ಫಾಂಟ್‌ಗಳ ಕಡತದಿಂದ ಯುನಿಕೋಡ್‌ಗೆ ತಂದ ಪಠ್ಯಗಳಲ್ಲಿ, ಸ್ಕ್ಯಾನ್ ಮಾಡಿ ಓಸಿಆರ್‌ನಿಂದ ತೆಗೆದ ಪುಟಗಳಲ್ಲಿ ನಾನು ಈ ತಪ್ಪನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ನಾವು ನಾಲ್ಕೈದು ಗೆಳೆಯರು ಕೆಲವು ಕಾಲದಿಂದ ಪಶ್ಚಿಮ ಬೆಂಗಳೂರಿನ ಸ್ಥಳನಾಮಗಳ ಒಂದು ಪಟ್ಟಿ ಮಾಡುತ್ತಿದ್ದೇವೆ. ಬೀದಿ, ವೃತ್ತ, ಕೆರೆ, ಕಲ್ಯಾಣಿ, ಹಳೆಯ ಹಳ್ಳಿಗಳ ಹೆಸರು, ಬೋರ್ಡುಗಳ ಮೇಲೆ ಕಂಡ ಕಾಗುಣಿತ. ಎಲ್ಲವೂ ಗಿಟ್‌ನಲ್ಲಿ, ಅಂದರೆ ಕಡತಗಳ ಬದಲಾವಣೆಯ ಇತಿಹಾಸವನ್ನು ದಾಖಲಿಸುವ ತಂತ್ರಾಂಶದಲ್ಲಿ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟವಾದ ಮೇಲೆ, ನಮ್ಮ ಕಡೆ ಮನೆ ಮಾಡಿ ಆ ಕಡೆ ಕೆಲಸಕ್ಕೆ ಹೋಗುವವರಿಗೆ ದಿನಾ ಕೂತು ಕೆಲಸ ಮಾಡುವಷ್ಟು ಹೊತ್ತು ಸಿಕ್ಕಿದೆ. ಸೀಟು ಸಿಕ್ಕಿದ ದಿನ ನನ್ನ ಪಾಲಿನ ಹತ್ತಿಪ್ಪತ್ತು ಹೆಸರು ಅಲ್ಲೇ ಸೇರುತ್ತವೆ. ಈ ಪಟ್ಟಿಯಲ್ಲಿ ಮೇಲೆ ಹೇಳಿದ ಎರಡು ತಪ್ಪು ನುಸುಳದಂತೆ ಬಾಗಿಲಲ್ಲೇ ತಡೆಯುವುದಕ್ಕೆ ನಾವು ನೆಚ್ಚಿಕೊಂಡದ್ದು ಗಿಟ್‌ನ ಹುಕ್ ಎಂಬ ಸೌಲಭ್ಯವನ್ನು.

ಹುಕ್ ಎಂದರೆ ಕೊಕ್ಕೆ. ಯಾವುದಾದರೂ ಕೆಲಸ ಸಲೀಸಾಗಿ ಮುಂದೆ ಹೋಗುತ್ತಿರುವಾಗ ಯಾರೋ ತಕರಾರು ತೆಗೆದರೆ ‘ಕೊಕ್ಕೆ ಹಾಕಿದ’ ಎನ್ನುತ್ತೇವೆ. ಗಿಟ್‌ನ ಕೊಕ್ಕೆ ಮಾಡುವುದೂ ಅದನ್ನೇ, ಒಳ್ಳೆಯ ಉದ್ದೇಶಕ್ಕೆ. ನೀವು ಬದಲಾವಣೆಯೊಂದನ್ನು ಕಮಿಟ್ ಮಾಡಲು ಹೊರಟಾಗ, ಅದು ದಾಖಲಾಗುವ ಮುನ್ನ, ಗಿಟ್ ಒಂದು ನಿಗದಿತ ಹೆಸರಿನ ಸ್ಕ್ರಿಪ್ಟ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಓಡಿಸುತ್ತದೆ. ಸ್ಕ್ರಿಪ್ಟ್ ಸೊನ್ನೆ ಹಿಂದಿರುಗಿಸಿದರೆ ದಾರಿ ಬಿಡುತ್ತದೆ, ಬೇರೆ ಯಾವ ಸಂಖ್ಯೆ ಬಂದರೂ ಕಮಿಟ್ ನಿಲ್ಲುತ್ತದೆ. ಕಮಿಟ್‌ಗೆ ಮೊದಲು ಓಡುವುದು ಪ್ರಿ-ಕಮಿಟ್, ಸಂದೇಶವನ್ನು ಪರೀಕ್ಷಿಸುವುದು ಕಮಿಟ್-ಎಂಎಸ್‌ಜಿ, ಸರ್ವರಿಗೆ ಕಳಿಸುವ ಮುನ್ನ ಓಡುವುದು ಪ್ರಿ-ಪುಶ್. ಬ್ರಾಂಚ್ ಬದಲಿಸಿದ ನಂತರ, ವಿಲೀನದ ನಂತರ ಓಡುವಂಥವೂ ಇವೆ.

ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿ, ಅದೇ ವರ್ಷದ ಜುಲೈನಿಂದ ಜೂನಿಯೊ ಹಮಾನೊ ನೋಡಿಕೊಂಡು ಬರುತ್ತಿರುವ ಗಿಟ್‌ನಲ್ಲಿ ಹೊಸ ಭಂಡಾರ (ರೆಪೊಸಿಟರಿ) ತೆರೆದಾಗೆಲ್ಲ ‘.ಗಿಟ್’ ಫೋಲ್ಡರಿನೊಳಗೆ ‘ಹುಕ್ಸ್’ ಎಂಬ ಕೋಣೆ ತಾನಾಗಿ ಹುಟ್ಟುತ್ತದೆ. ಅದರಲ್ಲಿ ‘.ಸ್ಯಾಂಪಲ್’ ಎಂಬ ಬಾಲ ಹೊತ್ತ ಮಾದರಿ ಸ್ಕ್ರಿಪ್ಟ್‌ಗಳಿರುತ್ತವೆ. ಬಾಲ ಕತ್ತರಿಸಿದರೆ ಜೀವ ಬರುತ್ತದೆ. ಕನ್ನಡಿಗರು ಆ ಮಾದರಿ ಪ್ರಿ-ಕಮಿಟ್ ಅನ್ನು ಒಮ್ಮೆ ತೆರೆದು ಓದಬೇಕು. ಹೊಸದಾಗಿ ಸೇರಿಸಿದ ಕಡತಗಳ ಹೆಸರಿನಲ್ಲಿ ಆಸ್ಕಿ ಪಟ್ಟಿಯ ಆಚೆಗಿನ ಒಂದು ಅಕ್ಷರವಿದ್ದರೂ ಅದು ಕಮಿಟ್ ತಡೆಯುತ್ತದೆ. ಸ್ಪೇಸ್‌ನಿಂದ ಹಿಡಿದು ಟಿಲ್ಡ ಚಿಹ್ನೆಯವರೆಗಿನ ಅಕ್ಷರಗಳನ್ನು ಅಳಿಸಿ, ಏನಾದರೂ ಉಳಿಯಿತೇ ಎಂದು ಎಣಿಸುವುದು ಅದರ ವಿಧಾನ. ‘ಕೆಂಗೇರಿ’ ಎಂಬ ಹೆಸರಿನ ಕಡತ ಇಟ್ಟರೆ ಉಳಿಯುವುದು ಪೂರ್ತಿ 21 ಬೈಟ್! ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಅಂಥ ಹೆಸರುಗಳಿಂದ ತೊಂದರೆಯಾದೀತು ಎಂಬ ಎಚ್ಚರ ಅದು, ದ್ವೇಷವಲ್ಲ. ‘ಹುಕ್ಸ್.ಅಲೌನಾನ್ಆಸ್ಕಿ’ ಎಂಬ ಸಂಯೋಜನೆಯನ್ನು ಟ್ರೂ ಮಾಡಿದರೆ ದಾರಿ ಬಿಡುತ್ತದೆ. ಆದರೂ, ಯಾರದೋ ಊರಿಗೆ ಸರಿಯಾದ ಕೊಕ್ಕೆ ನಮ್ಮ ಮನೆಗೆ ಸರಿಹೋಗಲೇಬೇಕೆಂದಿಲ್ಲ ಎಂಬುದು ಅಲ್ಲೇ ಎದ್ದು ಕಾಣುತ್ತದೆ.

ಈ ಹುಕ್ಸ್ ಕೋಣೆಯಲ್ಲಿರುವುದು ಕ್ಲೋನ್ ಮಾಡಿದಾಗ, ಅಂದರೆ ಭಂಡಾರವನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಂಡಾಗ, ಬರುವುದಿಲ್ಲ. ಪೂರ್ತಿ ಇತಿಹಾಸ ಬರುತ್ತದೆ, ಬ್ರಾಂಚುಗಳು ಬರುತ್ತವೆ, ಟ್ಯಾಗುಗಳು ಬರುತ್ತವೆ, ಹುಕ್‌ಗಳು ಮಾತ್ರ ಇಲ್ಲ. ಮೊದಲ ಸಲ ಇದನ್ನು ಕಂಡವರು ಗಿಟ್ ಮಾಡಿದವರು ಮರೆತಿದ್ದಾರೆ ಅಂದುಕೊಳ್ಳುತ್ತಾರೆ. ಮರೆವಲ್ಲ ಅದು, ಮರ್ಯಾದೆ. ಹುಕ್ ಎಂದರೆ ನಿಮ್ಮ ಯಂತ್ರದಲ್ಲಿ, ನಿಮ್ಮ ಅಧಿಕಾರದಲ್ಲಿ ಓಡುವ ಪ್ರೋಗ್ರಾಂ. ಅದು ನಿಮ್ಮ ಕಡತ ಅಳಿಸಬಲ್ಲದು, ಪಾಸ್‌ವರ್ಡ್ ಕದ್ದು ಎಲ್ಲಿಗೋ ಕಳಿಸಬಲ್ಲದು. ಕ್ಲೋನ್ ಮಾಡಿದ ಮಾತ್ರಕ್ಕೆ ಅಪರಿಚಿತರ ಸ್ಕ್ರಿಪ್ಟ್ ಓಡುವಂತಿದ್ದರೆ, ಯಾರ ಭಂಡಾರವನ್ನೂ ನೋಡಲೆಂದು ಇಳಿಸಿಕೊಳ್ಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಇದು ಬರಿಯ ಊಹೆಯಲ್ಲ. 2024ರ ಮೇ 14ರಂದು ಗಿಟ್ 2.45.1 ತುರ್ತಾಗಿ ಹೊರಬಂತು. ಸಬ್‌ಮಾಡ್ಯೂಲ್ ಮತ್ತು ಸಿಂಬಾಲಿಕ್ ಲಿಂಕ್‌ಗಳನ್ನು ಜಾಣತನದಿಂದ ಹೆಣೆದರೆ, ದೊಡ್ಡಕ್ಷರ-ಚಿಕ್ಕಕ್ಷರ ಭೇದವಿಲ್ಲದ ಕಡತ ವ್ಯವಸ್ಥೆಗಳಲ್ಲಿ ಕ್ಲೋನ್ ನಡೆಯುತ್ತಿರುವಾಗಲೇ ಒಂದು ಹುಕ್ ‘.ಗಿಟ್’ ಒಳಗೆ ಹೊಕ್ಕು ಓಡಿಬಿಡುತ್ತಿತ್ತು. ಸಿವಿಇ-2024-32002 ಎಂದು ಅದಕ್ಕೆ ಸಂಖ್ಯೆ. ವಿಂಡೋಸ್, ಮ್ಯಾಕ್ ಬಳಸುವವರೆಲ್ಲ ಅಂದು ಗಿಟ್ ನವೀಕರಿಸಬೇಕಾಯಿತು.

ಹಾಗಾದರೆ ತಂಡಕ್ಕೆಲ್ಲ ಒಂದೇ ಪರೀಕ್ಷೆ ಬೇಕಾದಾಗ ಏನು ಮಾಡುವುದು? ನಾವು ಮೊದಲು ಮಾಡಿದ್ದು ಅತಿ ಸರಳ ಉಪಾಯ. ಸ್ಕ್ರಿಪ್ಟನ್ನು ಭಂಡಾರದಲ್ಲೇ ಒಂದು ಸಾಮಾನ್ಯ ಫೋಲ್ಡರಿನಲ್ಲಿಟ್ಟು, ಅದನ್ನು ‘.ಗಿಟ್’ ಒಳಗಿನ ಹುಕ್ಸ್‌ಗೆ ನಕಲು ಮಾಡುವ ಎರಡು ಸಾಲಿನ ಇನ್‌ಸ್ಟಾಲ್ ಸ್ಕ್ರಿಪ್ಟ್. ಒಂದು ಸಲ ಓಡಿಸಿದರೆ ಮುಗಿಯಿತು. ಇದು ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು.

ಆಮೇಲೆ ನಾನು ನನ್ನ ಸ್ವಂತಕ್ಕೊಂದು ಹುಕ್ ಬೇಕೆಂದುಕೊಂಡೆ. ಕಚೇರಿಯ ಇಮೇಲ್ ವಿಳಾಸದಲ್ಲಿ ಹವ್ಯಾಸದ ಕೆಲಸ ಕಮಿಟ್ ಆಗಬಾರದು, ಹವ್ಯಾಸದ ವಿಳಾಸದಲ್ಲಿ ಕಚೇರಿಯದು ಆಗಬಾರದು. ಇದು ನನ್ನೊಬ್ಬನ ಕಾಳಜಿ, ತಂಡದ ಮೇಲೆ ಹೇರುವಂಥದ್ದಲ್ಲ. 2016ರ ಜೂನ್‌ನಲ್ಲಿ ಬಂದ ಗಿಟ್ 2.9 ‘ಕೋರ್.ಹುಕ್ಸ್‌ಪಾತ್’ ಎಂಬ ಸಂಯೋಜನೆ ತಂದಿತ್ತು. ಹುಕ್‌ಗಳನ್ನು ಎಲ್ಲಿ ಹುಡುಕಬೇಕು ಎಂದು ಗಿಟ್‌ಗೆ ಹೇಳುವ ಸಾಲು ಅದು. ಅದನ್ನು ಗ್ಲೋಬಲ್ ಆಗಿ, ಅಂದರೆ ನನ್ನ ಲ್ಯಾಪ್‌ಟಾಪಿನ ಎಲ್ಲ ಭಂಡಾರಗಳಿಗೂ ಅನ್ವಯಿಸುವಂತೆ, ನನ್ನ ಹೋಂ ಫೋಲ್ಡರಿನ ಒಂದು ಜಾಗಕ್ಕೆ ತಿರುಗಿಸಿದೆ. ಇಮೇಲ್ ಪರೀಕ್ಷೆ ಕೆಲಸ ಮಾಡಿತು. ಮೂರು ವಾರದ ಮೇಲೆ ಗೆಳತಿಯೊಬ್ಬಳು ಫೋನ್ ಮಾಡಿ, ಕುರುಬರಹಳ್ಳಿ, ಕಮಲಾನಗರದ ಕಡೆಯ ಹೆಸರುಗಳಲ್ಲಿ ಅಂಕಿಸೊನ್ನೆ ತುಂಬಿಕೊಂಡಿದೆ, ಎಲ್ಲ ನಿನ್ನ ಕಮಿಟ್‌ಗಳೇ ಎಂದಳು. ನಂಬಲಾಗಲಿಲ್ಲ. ಹುಕ್ ಇತ್ತಲ್ಲ! ಇತ್ತು, ಅದರ ಜಾಗದಲ್ಲೇ ಇತ್ತು. ಆದರೆ ಗಿಟ್ ಆ ಕಡೆ ನೋಡುವುದನ್ನೇ ನಿಲ್ಲಿಸಿತ್ತು. ಹುಕ್ಸ್‌ಪಾತ್ ಹೊಸ ಜಾಗವನ್ನು ಹಳೆಯದಕ್ಕೆ ಸೇರಿಸುವುದಿಲ್ಲ, ಹಳೆಯದನ್ನು ಬದಿಗೆ ಸರಿಸುತ್ತದೆ. ಒಂದು ಎಚ್ಚರಿಕೆಯ ಸಾಲೂ ಬರುವುದಿಲ್ಲ.

ಇದು ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಗಿಟ್ ಬೇರೆ ಕಡೆ ಹೀಗೆ ನಡೆದುಕೊಳ್ಳುವುದಿಲ್ಲ. ಯಾವ ಕಡತಗಳನ್ನು ಕಡೆಗಣಿಸಬೇಕು ಎಂಬ ವಿಷಯವನ್ನೇ ನೋಡಿ. ತಂಡದ ಪಟ್ಟಿ ‘.ಗಿಟ್‌ಇಗ್ನೋರ್’ನಲ್ಲಿ, ಅದು ಎಲ್ಲರಿಗೂ ಹೋಗುತ್ತದೆ. ಈ ಭಂಡಾರಕ್ಕೆ ಮಾತ್ರ ನನ್ನ ಖಾಸಗಿ ಪಟ್ಟಿ ‘.ಗಿಟ್’ ಒಳಗಿನ ‘ಇನ್ಫೋ’ ಫೋಲ್ಡರಿನ ‘ಎಕ್ಸ್‌ಕ್ಲೂಡ್’ನಲ್ಲಿ. ನನ್ನ ಎಲ್ಲ ಕೆಲಸಕ್ಕೂ ಸೇರಿದ ಪಟ್ಟಿ ಇನ್ನೊಂದು ಕಡೆ. ಮೂರೂ ಕೂಡಿಕೊಂಡು ಕೆಲಸ ಮಾಡುತ್ತವೆ, ಒಂದು ಬಂದರೆ ಇನ್ನೊಂದು ಮನೆ ಬಿಟ್ಟು ಹೋಗುವುದಿಲ್ಲ. ಊರಿಗೊಂದು ಕಟ್ಟಳೆ, ಮನೆಗೊಂದು ಪದ್ಧತಿ, ಎರಡಕ್ಕೂ ಜಾಗವಿದೆ. ಹುಕ್ಸ್‌ಪಾತ್‌ನಲ್ಲಿ ಹಾಗಲ್ಲ, ಒಂದು ಗೂಟಕ್ಕೆ ಒಂದೇ ಹಸು.

ನಮ್ಮ ತಂದೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ದುಡಿದವರು. ಅಲ್ಲಿ ತೂತಿನ ಅಳತೆ ನೋಡಲು ಪ್ಲಗ್ ಗೇಜ್ ಇರುತ್ತಿತ್ತು. ಒಂದು ತುದಿ ಗೋ, ಇನ್ನೊಂದು ತುದಿ ನೋ-ಗೋ, ನೋ-ಗೋ ಕಡೆ ಕೆಂಪು ಗುರುತು. ಗೋ ಒಳಗೆ ಹೋಗಬೇಕು, ನೋ-ಗೋ ಹೋಗಬಾರದು. ಹೌದು ಅಥವಾ ಇಲ್ಲ, ನಡುವಿನ ಮಾತಿಲ್ಲ. ಆ ಗೇಜ್ ವರ್ಕ್‌ಶಾಪಿನದು, ಎಲ್ಲರಿಗೂ ಒಂದೇ. ಅಪ್ಪನ ವರ್ನಿಯರ್ ಅಪ್ಪನದು, ಅವರ ಡಬ್ಬದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿರುತ್ತಿತ್ತು. ಬೇರೆಯವರು ಅದನ್ನು ಮುಟ್ಟುತ್ತಿರಲಿಲ್ಲ, ಅವರೂ ತಮ್ಮ ವರ್ನಿಯರಿನ ಅಳತೆಯನ್ನು ಮತ್ತೊಬ್ಬರ ಮೇಲೆ ಹೇರುತ್ತಿರಲಿಲ್ಲ. ಮಾಲು ಹೊರಗೆ ಹೋಗುವ ಮುನ್ನ ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಇನ್ನೊಮ್ಮೆ ಅದೇ ಗೇಜ್ ಬೀಳುತ್ತಿತ್ತು. ಮೂರು ಜಾಗ, ಮೂರು ಜವಾಬ್ದಾರಿ. ಹುಕ್‌ಗಳನ್ನು ಹೇಗೆ ಇಡಬೇಕೆಂದು ಯೋಚಿಸುವಾಗ ನನಗೆ ಆ ವರ್ಕ್‌ಶಾಪೇ ಕಣ್ಣೆದುರು ಬಂತು.

ಈಗ ನಮ್ಮ ವ್ಯವಸ್ಥೆ ಹೀಗಿದೆ. ಹಂಚಿಕೊಳ್ಳುವ ಸ್ಕ್ರಿಪ್ಟ್‌ಗಳು ಭಂಡಾರದೊಳಗೆ ‘.ಗಿಟ್‌ಹುಕ್ಸ್’ ಎಂಬ ಫೋಲ್ಡರಿನಲ್ಲಿವೆ. ಅವಕ್ಕೂ ಇತಿಹಾಸವಿದೆ, ಯಾರು ಯಾಕೆ ಬದಲಿಸಿದರು ಎಂಬುದು ಗೊತ್ತಾಗುತ್ತದೆ. ಕ್ಲೋನ್ ಮಾಡಿದವರು ಆ ಭಂಡಾರದ ಮಟ್ಟಿಗೆ ಮಾತ್ರ ಹುಕ್ಸ್‌ಪಾತ್ ಅನ್ನು ಅಲ್ಲಿಗೆ ತಿರುಗಿಸಬೇಕು. ಒಂದೇ ಸಾಲು, ಆದರೆ ಅವರ ಕೈಯಾರೆ. ಹೀಗೆ ಮಾಡಿದಾಗ ‘.ಗಿಟ್’ ಒಳಗಿನ ಮೂಲ ಹುಕ್ಸ್ ಕೋಣೆ ಖಾಲಿ ಬೀಳುತ್ತದಲ್ಲ, ಅದನ್ನೇ ಖಾಸಗಿ ಡಬ್ಬ ಮಾಡಿಕೊಂಡೆವು. ಹಂಚಿಕೆಯ ಪ್ರಿ-ಕಮಿಟ್ ತನ್ನ ಕೆಲಸ ಮುಗಿಸಿ, ಕೊನೆಯಲ್ಲಿ ಆ ಕೋಣೆಯಲ್ಲಿ ಅದೇ ಹೆಸರಿನ ಸ್ಕ್ರಿಪ್ಟ್ ಇದೆಯೇ ನೋಡುತ್ತದೆ. ಇದ್ದರೆ ಕರೆಯುತ್ತದೆ, ಅದು ಬೇಡವೆಂದರೆ ಇದೂ ಬೇಡವೆನ್ನುತ್ತದೆ. ನನ್ನ ಇಮೇಲ್ ಪರೀಕ್ಷೆ ಈಗ ಅಲ್ಲಿದೆ. ಗೆಳೆಯನೊಬ್ಬ ಅಲ್ಲಿ ಏನಿಟ್ಟಿದ್ದಾನೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಇಂಥ ಸ್ಕ್ರಿಪ್ಟ್ ಬರೆಯುವವರಿಗೆ ಎರಡು ಗುಂಡಿಗಳ ಬಗ್ಗೆ ಹೇಳಲೇಬೇಕು, ಎರಡರಲ್ಲೂ ದಿನಗಟ್ಟಲೆ ಕಳೆದಿದ್ದೇನೆ. ಮೊದಲನೆಯದು: ಮೂಲ ಹುಕ್ಸ್ ಕೋಣೆ ಎಲ್ಲಿದೆ ಎಂದು ಕೇಳಲು ‘ಗಿಟ್ ರೆವ್-ಪಾರ್ಸ್’ಗೆ ‘ಗಿಟ್-ಪಾತ್ ಹುಕ್ಸ್’ ಎಂದು ಕೊಟ್ಟರೆ, ಅದು ಹುಕ್ಸ್‌ಪಾತ್ ಅನ್ನು ಗೌರವಿಸಿ ಹಂಚಿಕೆಯ ಫೋಲ್ಡರನ್ನೇ ತೋರಿಸುತ್ತದೆ. ಆಗ ಸ್ಕ್ರಿಪ್ಟ್ ತನ್ನನ್ನೇ ತಾನು ಕರೆಯುತ್ತ ಸುತ್ತುತ್ತದೆ. ಕೇಳಬೇಕಾದ್ದು ‘ಗಿಟ್-ಕಾಮನ್-ಡಿರ್’, ಅದಕ್ಕೆ ‘ಹುಕ್ಸ್’ ಸೇರಿಸಿಕೊಳ್ಳಬೇಕು. ಎರಡನೆಯದು ಪ್ರಿ-ಪುಶ್‌ಗೆ ಸಂಬಂಧಿಸಿದ್ದು. ಯಾವ ಬ್ರಾಂಚ್ ಎಲ್ಲಿಗೆ ಹೋಗುತ್ತಿದೆ ಎಂಬ ಪಟ್ಟಿಯನ್ನು ಗಿಟ್ ಅದಕ್ಕೆ ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಕೊಡುತ್ತದೆ. ಮೊದಲ ಸ್ಕ್ರಿಪ್ಟ್ ಅದನ್ನು ಓದಿ ಮುಗಿಸಿದರೆ ಎರಡನೆಯದರ ಪಾಲಿಗೆ ಏನೂ ಉಳಿಯುವುದಿಲ್ಲ, ಅದು ಖಾಲಿ ಪಟ್ಟಿ ನೋಡಿ ಎಲ್ಲ ಸರಿಯಿದೆ ಎಂದುಬಿಡುತ್ತದೆ. ಮೊದಲು ಓದಿಟ್ಟುಕೊಂಡು ಇಬ್ಬರಿಗೂ ಬಡಿಸಬೇಕು.

ವಿಂಡೋಸ್ ಬಳಸುವ ಗೆಳೆಯರಿದ್ದರೆ ಇನ್ನಷ್ಟು. ಸ್ಕ್ರಿಪ್ಟಿನ ಸಾಲುಗಳ ಕೊನೆ ವಿಂಡೋಸ್ ರೀತಿಗೆ ಬದಲಾದರೆ ಮೊದಲ ಸಾಲೇ ಅರ್ಥವಾಗದೆ ಓಡುವುದಿಲ್ಲ, ‘.ಗಿಟ್‌ಆಟ್ರಿಬ್ಯೂಟ್ಸ್’ನಲ್ಲಿ ಎಲ್‌ಎಫ್ ಎಂದು ಕಟ್ಟಿಹಾಕಬೇಕು. ಲಿನಕ್ಸ್, ಮ್ಯಾಕ್‌ಗಳಲ್ಲಿ ಎಕ್ಸಿಕ್ಯೂಟ್ ಅನುಮತಿ ಇಲ್ಲದ ಹುಕ್ ಅನ್ನು ಗಿಟ್ ಓಡಿಸುವುದಿಲ್ಲ.

ಸಿದ್ಧ ಸಾಧನಗಳೂ ಇವೆ. ಜಾವಾಸ್ಕ್ರಿಪ್ಟ್ ಕಡೆಯವರ ಹಸ್ಕಿ ತನ್ನ ಐದನೇ ಆವೃತ್ತಿಯಿಂದ ಹುಕ್ಸ್‌ಪಾತ್ ಅನ್ನೇ ನೆಚ್ಚಿಕೊಂಡಿದೆ. ಪೈಥಾನ್‌ನಲ್ಲಿ ಬರೆದ ಪ್ರಿ-ಕಮಿಟ್ ಎಂಬ ಚೌಕಟ್ಟು ಹುಕ್ಸ್‌ಪಾತ್ ಹೊಂದಿಸಿದ್ದರೆ ತಾನು ಒಳಗೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ನಿಲ್ಲುತ್ತದೆ. ಮೊದಲೇ ಒಂದು ಹುಕ್ ಇದ್ದರೆ ಅದನ್ನು ಅಳಿಸದೆ ‘ಲೆಗಸಿ’ ಎಂದು ಹೆಸರಿಟ್ಟು ಜೊತೆಯಲ್ಲೇ ಓಡಿಸುತ್ತದೆ. ಈ ಎರಡೂ ನಡವಳಿಕೆ ನನಗೆ ಇಷ್ಟ, ಬಂದವರು ಮನೆಯಲ್ಲಿದ್ದವರನ್ನು ಹೊರಗೆ ಹಾಕದಂಥದ್ದು. ಲೆಫ್ಟ್‌ಹುಕ್ ಇನ್ನೂ ಮುಂದೆ ಹೋಗಿ ತಂಡದ ಕಡತದ ಪಕ್ಕದಲ್ಲೇ ‘ಲೋಕಲ್’ ಎಂಬ ಖಾಸಗಿ ಕಡತಕ್ಕೆ ಜಾಗ ಕೊಟ್ಟಿದೆ. ನಾಲ್ಕೈದು ಜನರ ನಮ್ಮ ಪಟ್ಟಿಗೆ ಅಷ್ಟು ಬೇಕಾಗಲಿಲ್ಲ.

ಸಾಧನ ಯಾವುದಾದರೂ ಇರಲಿ, ಹಂಚಿಕೆಯ ಹುಕ್‌ನಲ್ಲಿ ಏನಿರಬೇಕು ಎಂಬುದೇ ದೊಡ್ಡ ಮಾತು. ನಮ್ಮದು ಶುರುವಿನಲ್ಲಿ ಪ್ರತಿ ಕಮಿಟ್‌ಗೂ ಇಡೀ ಪಟ್ಟಿ ಪರೀಕ್ಷಿಸುತ್ತಿತ್ತು. ಯಾರೋ ಹಳೆಯ ಸಾಲಿನಲ್ಲಿ ಬಿಟ್ಟ ತಪ್ಪಿಗೆ ಇವತ್ತು ಹೊಸ ಹೆಸರು ಸೇರಿಸಲು ಬಂದವರ ಕೆಲಸ ನಿಲ್ಲುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೇಸತ್ತವರು ‘ನೋ-ವೆರಿಫೈ’ ಎಂಬ ಆಯ್ಕೆ ಹಿಡಿದರು, ಅದನ್ನು ಸೇರಿಸಿದರೆ ಪ್ರಿ-ಕಮಿಟ್ ಪಕ್ಕಕ್ಕೆ ಸರಿಯುತ್ತದೆ. ಅದು ಅಭ್ಯಾಸವಾದ ಮೇಲೆ ಹುಕ್ ಇದ್ದೂ ಇಲ್ಲದಂತೆ. ಆಮೇಲೆ ಆ ಕಮಿಟ್‌ಗೆ ಸೇರಿದ ಸಾಲುಗಳನ್ನಷ್ಟೇ ನೋಡುವಂತೆ ತಿದ್ದಿದೆವು. ಅದರಲ್ಲೂ ಡಿಸ್ಕಿನ ಮೇಲಿರುವ ಕಡತವನ್ನಲ್ಲ, ಇಂಡೆಕ್ಸ್‌ಗೆ ಸೇರಿಸಿದ ರೂಪವನ್ನು ನೋಡಬೇಕು. ಲಕೋಟೆಗೆ ಹಾಕಿದ ಕಾಗದವನ್ನು ಬಿಟ್ಟು ಮೇಜಿನ ಮೇಲೆ ಉಳಿದದ್ದನ್ನು ಓದಿ ಪತ್ರ ಸರಿಯಿದೆ ಎಂದರೆ ಹೇಗೆ? ಈಗ ನಮ್ಮ ಹುಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ನೋ-ವೆರಿಫೈ ಬಳಸಿದವರನ್ನು ಕಂಡು ತಿಂಗಳುಗಳಾದವು.

ಹಾಗೆಂದು ನಾವು ಅದನ್ನೇ ಕೊನೆಯ ಕಾವಲು ಎಂದುಕೊಂಡಿಲ್ಲ. ಅದೇ ಸ್ಕ್ರಿಪ್ಟ್ ಸರ್ವರಿನ ಸಿಐಯಲ್ಲೂ, ಅಂದರೆ ಅಲ್ಲಿ ತಾನಾಗಿ ನಡೆಯುವ ಪರೀಕ್ಷೆಯಲ್ಲೂ, ಓಡುತ್ತದೆ, ಅದು ಒಪ್ಪದೆ ಮುಖ್ಯ ಬ್ರಾಂಚಿಗೆ ಏನೂ ಸೇರುವುದಿಲ್ಲ. ಅಪ್ಪನ ವರ್ಕ್‌ಶಾಪಿನ ಇನ್‌ಸ್ಪೆಕ್ಷನ್ ಮೇಜು ಅದು. ನಮ್ಮ ಯಂತ್ರದಲ್ಲಿರುವ ಹುಕ್ ಮೊದಲೇ ಕೈಹಿಡಿದು ಎಚ್ಚರಿಸುವ ಗೆಳೆಯ ಅಷ್ಟೆ.

ಹುಕ್ಸ್‌ಪಾತ್ ಅನ್ನು ಭಂಡಾರದೊಳಗಿನ ಫೋಲ್ಡರಿಗೆ ತಿರುಗಿಸುವುದರಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಇಂದು ಓದಿ ಒಪ್ಪಿದ ಸ್ಕ್ರಿಪ್ಟ್ ನಾಳೆ ಪುಲ್ ಮಾಡಿದಾಗ ಬದಲಾಗಿರಬಹುದು. ಅಪರಿಚಿತರೊಬ್ಬರು ಕಳಿಸಿದ ಬ್ರಾಂಚನ್ನು ನೋಡೋಣವೆಂದು ಚೆಕ್‌ಔಟ್ ಮಾಡಿದ ಕ್ಷಣ, ಅದರೊಳಗಿನ ‘.ಗಿಟ್‌ಹುಕ್ಸ್’ನಲ್ಲಿ ಪೋಸ್ಟ್-ಚೆಕ್‌ಔಟ್ ಎಂಬುದಿದ್ದರೆ ಅದು ಓಡಿಯೇಬಿಡುತ್ತದೆ. ಗಿಟ್ ಕಾಪಾಡಿದ ಒಪ್ಪಿಗೆಯ ಗೆರೆಯನ್ನು ನಾವೇ ಅಳಿಸಿದಂತೆ. ಮುಖ ನೋಡಿ ಬಲ್ಲ ನಾಲ್ಕೈದು ಜನರ ಕೆಲಸಕ್ಕೆ ಇದು ನಡೆಯುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಸುಮಾರು ಒಂದೂವರೆ ಲಕ್ಷ ಪದಗಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಗಿಟ್‌ಹಬ್‌ನಲ್ಲಿದೆ. ಅಂಥ, ಯಾರು ಬೇಕಾದರೂ ಇಳಿಸಿಕೊಂಡು ತಿದ್ದುಪಡಿ ಕಳಿಸಬಹುದಾದ ದೊಡ್ಡ ಕೆಲಸಗಳಲ್ಲಿ ನಾನಾದರೆ ಹುಕ್ಸ್‌ಪಾತ್ ಬಳಸುವುದಿಲ್ಲ. ನಕಲು ಮಾಡುವ ಹಳೆಯ ವಿಧಾನಕ್ಕೇ ಮರಳುತ್ತೇನೆ. ಹೊಸ ರೂಪ ಬೇಕಾದವರು ಮತ್ತೊಮ್ಮೆ ಓದಿ ಮತ್ತೊಮ್ಮೆ ನಕಲು ಮಾಡಿಕೊಳ್ಳಲಿ. ತ್ರಾಸ ಹೆಚ್ಚು, ಆದರೆ ಪ್ರತಿ ಸಲವೂ ಒಪ್ಪಿಗೆ ಅವರದೇ.

ಕಳೆದ ತಿಂಗಳು ಕೆಂಗೇರಿ ಉಪನಗರದ ವಿದ್ಯಾರ್ಥಿನಿಯೊಬ್ಬಳು ನಮ್ಮ ಜೊತೆ ಸೇರಿದಳು. ಕ್ಲೋನ್ ಮಾಡಿಕೊಳ್ಳುವುದನ್ನು, ಹುಕ್ಸ್‌ಪಾತ್‌ನ ಒಂದು ಸಾಲನ್ನು ಹೇಳಿಕೊಟ್ಟೆ. ಅವಳು ಆ ಸಾಲನ್ನು ಓಡಿಸಲಿಲ್ಲ. ಮೊದಲು ಸ್ಕ್ರಿಪ್ಟ್ ತೆರೆದಳು. ವಿಜಯನಗರದ ದರ್ಶಿನಿಯೊಂದರ ಎತ್ತರದ ಮೇಜಿನ ಮುಂದೆ ನಿಂತು, ಕಾಫಿ ಆರುವವರೆಗೆ ಮೇಲಿನಿಂದ ಕೆಳಗೆ ಓದಿದಳು. ಕನ್ನಡ ಅಕ್ಷರದ ಪಕ್ಕದಲ್ಲಿ ಅಂಕಿಸೊನ್ನೆ ಬಂದರೆ ತಡೆ ಎಂದು ನಾವು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: ‘ಹಳೇ ಬೋರ್ಡ್‌ನಲ್ಲಿ ೧೦ನೇ ಅಡ್ಡರಸ್ತೆ ಅಂತ ಇದ್ದರೆ?’

ಅಲ್ಲಿ ಸೊನ್ನೆಯ ಎಡಕ್ಕೆ ಅಂಕಿ, ಬಲಕ್ಕೆ ‘ನೇ’. ಸರಿಯಾದ ಬರಹ. ನಮ್ಮ ಹುಕ್ ಅದನ್ನು ತಪ್ಪೆಂದು ತಡೆಯುತ್ತಿತ್ತು. ಅಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಏಕೆಂದರೆ ನಾವ್ಯಾರೂ ಅಡ್ಡರಸ್ತೆಗಳನ್ನು ಕನ್ನಡ ಅಂಕಿಯಲ್ಲಿ ಸೇರಿಸಿರಲಿಲ್ಲ. ಎಡಗಡೆ ಅಕ್ಷರವೋ ಗುಣಿತಚಿಹ್ನೆಯೋ ಇದ್ದಾಗ ಮಾತ್ರ ತಡೆಯುವಂತೆ ಅವಳೇ ತಿದ್ದಿದಳು. ‘ಕೆ೦ಗೇರಿ’ ಕೊಟ್ಟು ನೋಡಿದೆವು, ನಿಂತಿತು. ‘೧೦ನೇ’ ಕೊಟ್ಟೆವು, ಹೋಯಿತು. ಆಮೇಲೆ ಹುಕ್ಸ್‌ಪಾತ್‌ನ ಸಾಲನ್ನು ತಾನೇ ಟೈಪ್ ಮಾಡಿ, ರಾಜಾಜಿನಗರದ ಅಡ್ಡರಸ್ತೆಗಳನ್ನು ಒಂದೊಂದಾಗಿ ಸೇರಿಸತೊಡಗಿದಳು.